ನೆಲದ ಪಾಲಿಗೆ ಸೊನ್ನೆ

ಬೀಗದ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಸ್ಟೋರ್ ಕೀಪರ್ ಆಗಿದ್ದವನನ್ನು ಅವನ ನಿಜವಾದ ಹೆಸರಿನಿಂದ ಕರೆಯುತ್ತಿದ್ದವರು ಇಬ್ಬರೇ. ಒಬ್ಬರು ಸಂಬಳದ ದಿನದ ಕ್ಯಾಷಿಯರು, ಇನ್ನೊಬ್ಬರು ವರ್ಷಕ್ಕೊಮ್ಮೆ ಎದೆಗೆ ಕೊಳವೆ ಇಟ್ಟು ಹೋಗುತ್ತಿದ್ದ ಡಾಕ್ಟರು. ಉಳಿದವರಿಗೆಲ್ಲ ಅವನು ಕಡ್ಡಿಯಣ್ಣ. ಆಳು ಸಣಕಲು ಕಡ್ಡಿ. ಅವನು ಟ್ಯಾಂಕು ಅಳೆಯುತ್ತಿದ್ದುದೂ ಕಡ್ಡಿಯಿಂದ. ಮಾತಂತೂ ಕಡ್ಡಿ ಮುರಿದ ಹಾಗೆ. ಒಮ್ಮೆ ಮ್ಯಾನೇಜರೇ ಸ್ಟೋರಿನ ಕಿಂಡಿಗೆ ಬಂದು, ಮನೆಯ ನಲ್ಲಿಗೆ ಎರಡು ವಾಷರ್ ಕೊಡು ಎಂದಾಗ, "ಚೀಟಿ ತನ್ನಿ ಸಾರ್" ಎಂದುಬಿಟ್ಟಿದ್ದ. ಮ್ಯಾನೇಜರು ನಕ್ಕರು. ನಕ್ಕರೂ ಚೀಟಿ ಬರೆಯಬೇಕಾಯಿತು.

ಮನೆಯಲ್ಲಿ ಅವನಿಗೆ ಯಾರೂ ಇರಲಿಲ್ಲ. ಇದ್ದವಳು ಒಬ್ಬ ತಂಗಿ. ತಂದೆ ತಾಯಿ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅವನಿಗೆ ಹತ್ತೊಂಬತ್ತು, ಅವಳಿಗೆ ಏಳು. ಜಡೆ ಹಾಕುವುದನ್ನು ಪಕ್ಕದ ಮನೆಯವರಿಂದ ಕಲಿತ, ಜ್ವರ ಬಂದರೆ ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಕೂತ, ಶಾಲೆಗೆ ಕೈ ಹಿಡಿದು ಬಿಟ್ಟುಬಂದ. ನೀನ್ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದ. ಅದು ಸುಳ್ಳೇನಲ್ಲ. ತಂಗಿಗೆ ಒಬ್ಬ ದರ್ಜಿಯನ್ನು ನೋಡಿ ಮದುವೆ ಮಾಡಿದ. ಫ್ಯಾಕ್ಟರಿಯ ಹಿಂದಿನ ಗೋಡೆಗೆ ಅಂಟಿಕೊಂಡಿದ್ದ ಬೀದಿಯಲ್ಲಿ ತಾನೇ ಅಲೆದು ಅವರಿಗೆ ಮನೆ ಹುಡುಕಿಕೊಟ್ಟ. ಅವಳು ಕಣ್ಣೆದುರಿಗೆ ಇರಲಿ ಎಂಬ ಆಸೆ ಅವನಿಗೆ. ಅವನ ಬಾಡಿಗೆ ಕೋಣೆ ಇದ್ದದ್ದು ಮುಂದಿನ ಗೇಟಿನ ಕಡೆ, ಊರಿನ ನಲ್ಲಿ ನೀರು ಬರುವ ಬೀದಿಯಲ್ಲಿ. ಪ್ರತಿ ಭಾನುವಾರ ಮಧ್ಯಾಹ್ನದ ಊಟ ಮಾತ್ರ ತಂಗಿಯ ಮನೆಯಲ್ಲಿ. ತಂಗಿ ಅಣ್ಣನ ಮಾತೆಂದರೆ ಅದರ ಮೇಲೆ ಮಾತಿಲ್ಲ ಎನ್ನುವವಳು. ಯಾವ ಔಷಧಿ ಕುಡಿಯಬೇಕು, ಯಾವ ಕಾಗದಕ್ಕೆ ರುಜು ಹಾಕಬೇಕು ಎಂಬುದನ್ನೆಲ್ಲ ಅಣ್ಣನನ್ನು ಕೇಳಿಯೇ ಮಾಡುತ್ತಿದ್ದಳು. ಅವನು ಬದುಕಿನಲ್ಲಿ ಗಳಿಸಿದ್ದು ಏನು ಎಂದರೆ ಅದೊಂದು ನಂಬಿಕೆ. ಈ ಕಥೆಯಲ್ಲಿ ಅವನು ಕಳೆದುಕೊಳ್ಳಬಹುದಾದದ್ದೂ ಅದೊಂದೇ.

ಬೀಗದ ತುಂಡುಗಳು ಪ್ರೆಸ್ಸಿನಿಂದ ಹೊರಬರುವಾಗ ಎಣ್ಣೆಯಲ್ಲಿ ಮಿಂದಿರುತ್ತವೆ. ಎಣ್ಣೆ ಹೋಗದೆ ಅವಕ್ಕೆ ಹೊಳಪು ಹತ್ತುವುದಿಲ್ಲ. ಹಾಗಾಗಿ ಅವನ್ನು ತಂತಿಬುಟ್ಟಿಯಲ್ಲಿ ತುಂಬಿ ಬಿಸಿ ತೊಟ್ಟಿಯ ಆವಿಯೊಳಗೆ ಇಳಿಬಿಡುತ್ತಾರೆ. ತೊಟ್ಟಿಯಲ್ಲಿ ಕುದಿಯುವುದು ನೀರಲ್ಲ, ಮಾರುದ್ದ ಹೆಸರಿನ ಒಂದು ರಾಸಾಯನಿಕ. ಪೂರ್ತಿ ಹೆಸರಿಗೆ ನಾಲಿಗೆ ಹೊರಳದೆ ಕೆಲಸಗಾರರು ಅದನ್ನು ‘ಟ್ರೈ’ ಎನ್ನುತ್ತಿದ್ದರು. ನೋಡಲು ನೀರಿನ ಹಾಗೆಯೇ, ಮೂಸಿದರೆ ಸಿಹಿ ವಾಸನೆ. ಕೈಮೇಲೆ ಒಂದು ಹನಿ ಬಿದ್ದರೆ ತಣ್ಣಗೆ ಮುಟ್ಟಿ ಕ್ಷಣದಲ್ಲಿ ಮಾಯವಾಗುತ್ತಿತ್ತು. ಅದರ ಟ್ಯಾಂಕು ಸ್ಟೋರಿನ ಹಿಂದೆ, ಕಾಂಪೌಂಡು ಗೋಡೆಗೆ ಹತ್ತಡಿ ಈಚೆ, ನೆಲದೊಳಗೆ ಹೂತಿತ್ತು. ಮೇಲೆ ಕಾಣುತ್ತಿದ್ದುದು ಒಂದು ದುಂಡನೆಯ ಮುಚ್ಚಳ ಮಾತ್ರ.

ಪ್ರತಿ ಶನಿವಾರ ಮಧ್ಯಾಹ್ನ ಊಟದ ಗಂಟೆಗೆ ಮುಂಚೆ ಕಡ್ಡಿಯಣ್ಣ ಆ ಮುಚ್ಚಳ ತೆಗೆಯುತ್ತಿದ್ದ. ಗೆರೆ ಕೊರೆದ ಉದ್ದನೆಯ ಮರದ ಕಡ್ಡಿಗೆ ಸೀಮೆಸುಣ್ಣ ಉಜ್ಜಿ ತಳ ಮುಟ್ಟುವವರೆಗೆ ಇಳಿಸಿ ಮೇಲೆತ್ತುತ್ತಿದ್ದ. ಸುಣ್ಣ ಒದ್ದೆಯಾದ ಗೆರೆ ಎಲ್ಲಿದೆ ಎಂದು ಕಣ್ಣು ಮಿಟುಕಿಸುವುದರೊಳಗೆ ಓದಿಕೊಳ್ಳಬೇಕು, ತಡವಾದರೆ ಗೆರೆ ಆರಿಹೋಗುತ್ತದೆ. ಬೇರೆ ಯಾರಿಗೂ ಅದು ದಕ್ಕಿರಲಿಲ್ಲ. ಒಳಗೆ ಬಂದದ್ದು ಇಷ್ಟು, ತೊಟ್ಟಿಗೆ ಕೊಟ್ಟದ್ದು ಇಷ್ಟು, ಕಡ್ಡಿ ಹೇಳುವುದು ಇಷ್ಟು. ಕೂಡಿ ಕಳೆದರೆ ಸದಾ ಒಂದಿಷ್ಟು ಲೀಟರು ಕಡಿಮೆ ಬರುತ್ತಿತ್ತು. ಆ ಕೊರತೆಯನ್ನು ಲೆಡ್ಜರಿನಲ್ಲಿ ಏನೆಂದು ಬರೆಯಬೇಕು ಎಂಬುದನ್ನು ಅವನಿಗೆ ಕಲಿಸಿದವರು ಹಿಂದಿನ ಸ್ಟೋರ್ ಕೀಪರು, ಕನ್ನಡಕದ ತಾತ.

"ನೋಡಪ್ಪ, ಗ್ರೀಸು, ಎಣ್ಣೆ ಕಡಿಮೆ ಬಂದ್ರೆ ‘ಸೋರಿದ್ದು’ ಅಂತ ಬರಿ. ಸ್ಪಿರಿಟ್ಟು, ಪೆಟ್ರೋಲು, ಟ್ರೈ ಕಡಿಮೆ ಬಂದ್ರೆ ‘ಆರಿದ್ದು’ ಅಂತ ಬರಿ. ಹಂಗೆ ಬರೆದ್ರೆ ಆಡಿಟರ್ ಕಣ್ಣೆತ್ತಿ ನೋಡಲ್ಲ."

ಎಲ್ಲ ಸ್ಟೋರುಗಳ ರೂಢಿ ಅದೇ. ಏನು ಕಡಿಮೆಯಾಯಿತು ಎಂಬುದನ್ನು ನೋಡಿ ಕಾರಣ ಬರೆಯುತ್ತಾರೆಯೇ ಹೊರತು ಹೇಗೆ ಕಡಿಮೆಯಾಯಿತು ಎಂದು ಬಗ್ಗಿ ನೋಡುವುದಿಲ್ಲ. ಆರುವ ಸಾಮಾನು ಸೋರಲೂಬಹುದು ಎಂದು ಕನ್ನಡಕದ ತಾತನಿಗೆ ಹೊಳೆದಿರಲಿಲ್ಲ, ಅವರಿಗೆ ಕಲಿಸಿದವರಿಗೂ ಹೊಳೆದಿರಲಿಲ್ಲ. ಕಡ್ಡಿಯಣ್ಣ ಲೀಟರಿನ ಲೆಕ್ಕದಲ್ಲಿ ಒಂದು ಹನಿಯೂ ಸುಳ್ಳು ಬರೆದವನಲ್ಲ. ಕಾರಣದ ಕಾಲಂನಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡು ‘ಆರಿದ್ದು’ ಎಂದು ಬರೆದುಕೊಂಡು ಹೋದ.

ಅವನ ನೌಕರಿಯ ಇಪ್ಪತ್ತನೇ ವರ್ಷದಲ್ಲಿ ಸರಕಾರದಿಂದ ಹೊಸ ಫಾರಂ ಬಂತು. ಯಾವ ಯಾವ ಫ್ಯಾಕ್ಟರಿ ಯಾವ ವಿಷವನ್ನು ವರ್ಷಕ್ಕೆ ಎಷ್ಟು ಹೊರಗೆ ಬಿಟ್ಟಿತು ಎಂದು ಅದರಲ್ಲಿ ಬರೆದು ಕಳಿಸಬೇಕು. ಗಾಳಿಗೆ ಎಷ್ಟು, ನೀರಿಗೆ ಎಷ್ಟು, ನೆಲಕ್ಕೆ ಎಷ್ಟು ಎಂದು ಮೂರು ಕಾಲಂ. ಕಳಿಸಿದ್ದನ್ನು ಸರಕಾರ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸುತ್ತದೆ. ಒಳ್ಳೆಯ ಕಾನೂನೇ. ಆದರೆ ಅಂಕಿಗಳನ್ನು ಬರೆಯುವುದು ಫ್ಯಾಕ್ಟರಿಯೇ, ರುಜು ಹಾಕುವುದೂ ಫ್ಯಾಕ್ಟರಿಯೇ. ಬಂದು ಅಳೆದು ನೋಡುವವರು ಯಾರೂ ಇಲ್ಲ. ಫ್ಯಾಕ್ಟರಿಯಲ್ಲಿ ಅದನ್ನು ತುಂಬಿಸಲು ಸುರಕ್ಷತಾ ಅಧಿಕಾರಿ ಎಂಬ ಹೊಸಬನನ್ನು ನೇಮಿಸಿದರು. ಇಸ್ತ್ರಿ ಮುರಿಯದ ಅಂಗಿಯ ಆ ಮನುಷ್ಯ ವರ್ಷಕ್ಕೊಂದು ದಿನ ಸ್ಟೋರಿಗೆ ಬಂದು, ಲೆಡ್ಜರಿನಲ್ಲಿ ‘ಆರಿದ್ದು’ ಎಂದಿದ್ದನ್ನೆಲ್ಲ ಕೂಡಿ ‘ಗಾಳಿಗೆ’ ಎಂಬ ಕಾಲಂನಲ್ಲಿ ಬರೆದುಕೊಳ್ಳುತ್ತಿದ್ದ. ನೀರಿಗೆ ಸೊನ್ನೆ. ನೆಲಕ್ಕೆ ಸೊನ್ನೆ. ಗಾಳಿಗೆ ಬಿಡಲು ಹೇಗೂ ಪರವಾನಗಿ ಇತ್ತು, ಅಂಕಿ ಅದರೊಳಗೇ ಇತ್ತು. ಹೀಗೆ ಕಡ್ಡಿಯಣ್ಣನ ಕೈಬರಹ ಸರಕಾರದ ವರದಿಯಾಯಿತು. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅದಾಗಿ ಮೂರು ವರ್ಷಕ್ಕೆ ಹಿಂದಿನ ಬೀದಿಯಲ್ಲಿ ಗುಸುಗುಸು ಶುರುವಾಯಿತು. ಆ ಬೀದಿಯ ನಲವತ್ತು ಮನೆಗೂ ಇದ್ದದ್ದು ಒಂದೇ ಕೈಪಂಪು. ಬೆಳಗಿನ ಮೊದಲ ಕೊಡದಲ್ಲಿ ಏನೋ ವಾಸನೆ ಎಂದು ಹೆಂಗಸರು ಅನ್ನತೊಡಗಿದರು. ಮೂಲೆಯಂಗಡಿಯ ಕ್ಷೌರಿಕ ಎಲ್ಲದರಲ್ಲೂ ಮೂಗು ತೂರಿಸುವವನು. ಅವನೇ ಒಂದು ಅರ್ಜಿ ಬರೆದು, ನೀರು ಪರೀಕ್ಷೆ ಮಾಡಿಸಿ ಎಂದು ಕೇಳಲು ಮನೆಮನೆಗೆ ಸಹಿಗೆ ತಿರುಗಿದ. ತಂಗಿ ಸಹಿ ಹಾಕಲಿಲ್ಲ, ಅಣ್ಣನನ್ನು ಕೇಳಿ ಹೇಳುತ್ತೇನೆ ಎಂದಳು.

ಭಾನುವಾರ ಊಟಕ್ಕೆ ಕೂತಾಗ ಕೇಳಿದಳು. "ಅಣ್ಣ, ನಮ್ಮ ಪಂಪಿನ ನೀರಿಗೂ ನಿಮ್ಮ ಫ್ಯಾಕ್ಟರಿಗೂ ಏನಾದ್ರೂ ಸಂಬಂಧ ಇದ್ಯಾ?"

"ಎಲ್ಲಾದ್ರೂ ಉಂಟಾ! ನಾನೇ ಅಳೆಯೋನು, ನಾನೇ ಬರೆಯೋನು. ನೆಲಕ್ಕೆ ಒಂದು ಹನಿ ಬಿಡಲ್ಲ," ಎಂದ.

ಬರೀ ಬಾಯಿಮಾತು ಬೇಡವೆಂದು, ಮುಂದಿನ ಭಾನುವಾರ ಪ್ರಕಟವಾದ ವರದಿಯ ಒಂದು ಪ್ರತಿ ತಂದು ಪಂಪಿನ ಕಟ್ಟೆಯ ಮೇಲೆ ನಿಂತು ಓದಿದ. ಕೊಡ ಹಿಡಿದವರೆಲ್ಲ ಸುತ್ತ ನಿಂತರು. ಗಾಳಿಗೆ ಇಷ್ಟು ಕಿಲೋ ಎಂದು ಓದಿ, ಅದು ಮೇಲೆ ಹೋಗಿ ಚದುರಿಹೋಗುತ್ತದೆ ಎಂದು ಬಿಡಿಸಿ ಹೇಳಿದ. ಆಮೇಲೆ ಬೆರಳಿಟ್ಟು ತೋರಿಸಿದ. "ನೆಲಕ್ಕೆ, ಸೊನ್ನೆ. ಸರಕಾರದ ಮೊಹರಿದೆ, ನೋಡ್ಕೊಳ್ಳಿ." ಹೊಳೆಯ ಕೆಸರು, ಹಳೇ ಪೈಪು, ಕಬ್ಬಿಣದ ತುಕ್ಕು ಎಂದು ವಾಸನೆಗೆ ಮೂರು ಕಾರಣಗಳನ್ನೂ ಕೊಟ್ಟ.

"ಕಡ್ಡಿಯಣ್ಣ ಹೇಳಿದ ಮೇಲೆ ಮುಗೀತು ಬಿಡ್ರೀ," ಎಂದರು ಜನ. ಮ್ಯಾನೇಜರಿಗೇ ಚೀಟಿ ಕೇಳಿದವನು ಎಂಬುದು ಆ ಬೀದಿಗೆಲ್ಲ ಗೊತ್ತಿತ್ತು. ಕ್ಷೌರಿಕನನ್ನು ಎಲ್ಲರೂ ಸೇರಿ ಗೇಲಿ ಮಾಡಿದರು. "ನೀನು ಗಡ್ಡ ನೋಡ್ಕೊಳಪ್ಪ, ನೀರಿನ ವಿಚಾರ ನಮಗೆ ಬಿಡು" ಎಂದು ಒಬ್ಬಾಕೆ ಅಂದಳು. ಅವನು ಮುಖ ಸಣ್ಣಗೆ ಮಾಡಿಕೊಂಡು ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಅದು ಎಲ್ಲಿಗೂ ಹೋಗಲಿಲ್ಲ.

ಮುಂದಿನ ವರ್ಷ, ಚಳಿ ಮೂಳೆ ಕೊರೆಯುತ್ತಿದ್ದ ತಿಂಗಳು. ಆ ತಿಂಗಳ ಕೊನೆಯ ಶನಿವಾರ ಕಡ್ಡಿ ಎತ್ತಿ ನೋಡಿದ ಕಡ್ಡಿಯಣ್ಣ ಮತ್ತೊಮ್ಮೆ ಸುಣ್ಣ ಹಚ್ಚಿ ಇಳಿಸಿದ. ಮೂರನೆಯ ಸಲವೂ ಇಳಿಸಿದ. ಮೂರು ಸಲವೂ ಗೆರೆ ಅಲ್ಲೇ ನಿಂತಿತ್ತು. ಮೊದಲೆಲ್ಲ ತಿಂಗಳಿಗೆ ಇಪ್ಪತ್ತು ಮೂವತ್ತು ಲೀಟರು ಕೊರತೆ ಬರುತ್ತಿತ್ತು. ಎರಡು ವರ್ಷದಿಂದ ಅದು ಅರವತ್ತು, ತೊಂಬತ್ತು, ನೂರೈವತ್ತು ಎಂದು ಏರುತ್ತ ಬಂದಿತ್ತು, ಬೇಸಿಗೆ ಜಾಸ್ತಿ ಎಂದು ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಮುನ್ನೂರ ಹತ್ತು ಲೀಟರು.

ಲೆಡ್ಜರು ಬಿಡಿಸಿ ಕೂತ. ಕೈಗೆ ಪೆನ್ನು ಹಿಡಿಯಲಾಗದಷ್ಟು ಚಳಿ. ಇಂಥ ಚಳಿಯಲ್ಲಿ ಮುಚ್ಚಿದ ಟ್ಯಾಂಕಿನಿಂದ ಮುನ್ನೂರು ಲೀಟರು ಆರಿಹೋಗುವುದು ಹೇಗೆ? ಆ ಪ್ರಶ್ನೆ ಅವನಿಗೆ ಬಂತು. ಬಂದದ್ದು ಮಾತ್ರವಲ್ಲ, ಅದರ ಹಿಂದೆಯೇ ಗೋಡೆಯಾಚೆಯ ಪಂಪು ಕಣ್ಣ ಮುಂದೆ ಬಂತು. ‘ಸೋರಿದ್ದು’ ಎಂದು ಬರೆದರೆ ಟ್ಯಾಂಕು ಅಗೆಯಬೇಕು, ಲೈನು ನಿಲ್ಲಿಸಬೇಕು, ಎರಡು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ಅದನ್ನಾದರೂ ಅವನು ತಡೆದುಕೊಳ್ಳುತ್ತಿದ್ದ. ಅವನಿಗೆ ಆಗದಿದ್ದದ್ದು ಇನ್ನೊಂದು. ಅದೇ ಪಂಪಿನ ಕಟ್ಟೆ ಹತ್ತಿ, ನಾನು ಓದಿದ್ದು ತಪ್ಪು ಎಂದು ಅದೇ ಜನರೆದುರು ಹೇಳಬೇಕಿತ್ತು. ಕ್ಷೌರಿಕನ ಎದುರು ಹೇಳಬೇಕಿತ್ತು. ತಂಗಿಯ ಎದುರು ಹೇಳಬೇಕಿತ್ತು. ನಾಚಿಕೆ ಎಂಬುದು ಮನುಷ್ಯನನ್ನು ಎಂಥ ಕೆಲಸಕ್ಕೂ ಇಳಿಸುತ್ತದೆ. ಮುಚ್ಚಳದ ವಾಷರ್ ಸಡಿಲವಾಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ, ಚೀಟಿ ಬರೆದು ಹೊಸ ವಾಷರ್ ತೆಗೆದು ಹಾಕಿದ. ಲೆಡ್ಜರಿನಲ್ಲಿ ಮುನ್ನೂರ ಹತ್ತು ಎಂದು ಬರೆದು, ಪಕ್ಕದಲ್ಲಿ ‘ಆರಿದ್ದು’ ಎಂದು ಬರೆದ.

ಮಾರನೆಯ ದಿನ ತಂಗಿಯ ಮನೆಯಲ್ಲಿ ಊಟದ ಜೊತೆ ಎರಡು ಲೋಟ ನೀರು ಕೇಳಿ ಹಾಕಿಸಿಕೊಂಡು ಕುಡಿದ. ತಾನು ಕುಡಿದರೆ ನೀರು ಶುದ್ಧವಾಗಿಬಿಡುತ್ತದೆ ಎಂಬ ಹಾಗೆ ಗಟಗಟ ಕುಡಿದ.

ಅದಾಗಿ ಒಂದು ವರ್ಷ ಕಳೆದ ಮೇಲೆ ತಂಗಿಯ ಗಂಡ ಹಾಸಿಗೆ ಹಿಡಿದ. ದರ್ಜಿ ಒಳ್ಳೆಯ ಕೈಗಾರ, ಆದರೆ ಪ್ರಾಯದಲ್ಲಿ ಸಂಜೆಯಾದರೆ ಶೀಸೆ ಬೇಕಾಗಿತ್ತು. ಅದರಿಂದ ಭಾವನೆಂಟರ ನಡುವೆ ಹಲವು ಸಲ ಮಾತು ಬಿಟ್ಟುಹೋಗಿತ್ತು. ಆಮೇಲೆ ಒಂದು ದಿನ ಬಿಟ್ಟೆ ಎಂದವನು ನಿಜಕ್ಕೂ ಬಿಟ್ಟಿದ್ದ. ಬಿಟ್ಟು ಐದು ವರ್ಷವಾಗಿತ್ತು. ಈಗ ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು, ಊಟ ಸೇರದಾಯಿತು. ಆಸ್ಪತ್ರೆಯಲ್ಲಿ ಪಿತ್ತಕೋಶ, ಯಕೃತ್ತು ಎಂದೆಲ್ಲ ನೋಡಿ ಕೊನೆಗೆ ಯಕೃತ್ತು ಕೆಟ್ಟಿದೆ ಎಂದರು. ಕುಡೀತಿದ್ರಾ ಎಂದು ಡಾಕ್ಟರು ಕೇಳಿದರು. ಹಿಂದೆ ಕುಡೀತಿದ್ದೆ ಎಂದು ದರ್ಜಿ ಪ್ರಾಮಾಣಿಕವಾಗಿ ಹೇಳಿದ. ಆ ಒಂದು ಮಾತೇ ಅವನ ಕುತ್ತಿಗೆಗೆ ಬಂತು. ಮುಂದೆ ಯಾರೂ ಬೇರೆ ಕಾರಣ ಹುಡುಕಲಿಲ್ಲ.

ಕಡ್ಡಿಯಣ್ಣ ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಸಾಯುತ್ತಿರುವವನಿಗೆ ಬೈದ. "ಕದ್ದುಮುಚ್ಚಿ ಕುಡಿದಿದ್ದೀಯ. ಇಲ್ಲದಿದ್ರೆ ಹಿಂಗಾಗ್ತಿತ್ತಾ? ನನ್ನ ತಂಗೀನ ನಡುನೀರಲ್ಲಿ ಬಿಟ್ಟು ಹೋಗ್ತಿದ್ದೀಯಲ್ಲ."

"ಭಾವ, ನಿಮ್ಮಾಣೆ," ಎಂದ ದರ್ಜಿ. "ಐದು ವರ್ಷದಿಂದ ನೀರು ಬಿಟ್ರೆ ಬೇರೆ ಏನೂ ಕುಡಿದಿಲ್ಲ."

ಕಡ್ಡಿಯಣ್ಣ ಮುಖ ತಿರುಗಿಸಿದ. ಆ ಮಾತು ಅವನ ಕಿವಿಯೊಳಗೆ ಹೋಗಿ ಎಲ್ಲೋ ಒಂದು ಕಡೆ ತಾಕಿತ್ತು, ಆದ್ದರಿಂದಲೇ ಅವನು ಇನ್ನೂ ಜೋರಾಗಿ ಬೈದ. ತಂಗಿ ಬಾಗಿಲ ಬಳಿ ನಿಂತಿದ್ದಳು. ಗಂಡನ ಪರವಾಗಿ ಒಂದು ಮಾತೂ ಆಡಲಿಲ್ಲ. ಅಣ್ಣ ಹೇಳಿದ ಮೇಲೆ ನಿಜವಿರಬೇಕು ಎಂದು ಅವಳೂ ಅರ್ಧ ನಂಬಿದಳು. ಐದನೇ ತಿಂಗಳಿಗೆ ದರ್ಜಿ ಹೋದ. ಬೀದಿಯವರು ಪಾಪ, ಕುಡಿದು ಕುಡಿದು ಸತ್ತ ಎಂದರು.

ಇನ್ನೂ ಕೆಲವು ವರ್ಷ ಹೀಗೇ ಕಳೆದು ಕಡ್ಡಿಯಣ್ಣ ನಿವೃತ್ತನಾದ. ಮ್ಯಾನೇಜರು ಒಂದು ಗೋಡೆ ಗಡಿಯಾರ ಕೊಟ್ಟು ಬೆನ್ನು ತಟ್ಟಿ ಕಳಿಸಿದರು. ವರ್ಷ ತುಂಬುವುದರೊಳಗೆ ಫ್ಯಾಕ್ಟರಿಯಿಂದ ಹೇಳಿ ಕಳಿಸಿದರು. ಟ್ರೈ ಬಳಕೆ ನಿಲ್ಲಿಸಿದ್ದೇವೆ, ಹಳೇ ಟ್ಯಾಂಕು ಕೀಳುತ್ತೇವೆ, ಉಳಿದ ಸ್ಟಾಕು ಸೊನ್ನೆ ಎಂದು ಹಳೇ ಲೆಡ್ಜರಿನಲ್ಲಿ ನೀನೇ ರುಜು ಹಾಕಿ ಮುಗಿಸಬೇಕು ಎಂದರು. ಖುಷಿಯಿಂದಲೇ ಹೋದ.

ಕ್ರೇನು ಟ್ಯಾಂಕನ್ನು ಎತ್ತಿದಾಗ ಬೆಳಗಿನ ಹತ್ತು ಗಂಟೆ. ಬಿಸಿಲು ಚೆನ್ನಾಗಿತ್ತು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಟ್ಯಾಂಕಿನ ತಳದಲ್ಲಿ, ಗೋಡೆಯ ಕಡೆಯ ಮೂಲೆಯಲ್ಲಿ, ತುಕ್ಕು ತಿಂದು ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. ಸುತ್ತಲೂ ಇನ್ನೂ ಏಳೆಂಟು ಸಣ್ಣವು. ಗುಂಡಿಯ ಮಣ್ಣು ಕಪ್ಪಗಿತ್ತು, ಸಿಹಿ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು. ಕೆಲಸಗಾರರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಕಡ್ಡಿಯಣ್ಣ ಸರಿಯಲಿಲ್ಲ. ಟ್ರೈ ನೀರಿಗಿಂತ ಭಾರ, ನೆಲಕ್ಕೆ ಬಿದ್ದರೆ ಕೆಳಗೆ, ಇನ್ನೂ ಕೆಳಗೆ ಇಳಿಯುತ್ತದೆ ಎಂದು ಇಸ್ತ್ರಿ ಅಂಗಿಯ ಸುರಕ್ಷತಾ ಅಧಿಕಾರಿ ಮ್ಯಾನೇಜರಿಗೆ ಪಿಸುಮಾತಿನಲ್ಲಿ ಹೇಳುತ್ತಿದ್ದುದು ಅವನಿಗೆ ಕೇಳಿಸಿತು.

"ಊಟದೊಳಗೆ ಗುಂಡಿ ಮುಚ್ಚಿ ಕಾಂಕ್ರೀಟ್ ಹಾಕಿ," ಎಂದರು ಮ್ಯಾನೇಜರು.

"ಸಾರ್, ಈ ವರ್ಷದ ವರದಿ?" ಎಂದ ಸುರಕ್ಷತಾ ಅಧಿಕಾರಿ.

"ಲೆಡ್ಜರಲ್ಲಿ ಏನಿದ್ಯೋ ಅದೇ. ನೆಲಕ್ಕೆ ಸೊನ್ನೆ."

ಕಡ್ಡಿಯಣ್ಣ ರುಜು ಹಾಕದೆ ಗೇಟು ದಾಟಿ ಹೊರಟ. ಅವತ್ತು ಮೊದಲ ಸಲ ಅವನು ಫ್ಯಾಕ್ಟರಿಯ ಒಂದು ಕಾಗದವನ್ನು ಅರ್ಧಕ್ಕೆ ಬಿಟ್ಟು ಬಂದದ್ದು.

ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಸ್ಟೋರ್ ಕೀಪರುಗಳು ಲೆಡ್ಜರಿಗೆ ಏರಿಸುವ ಮುಂಚೆ ಪ್ರತಿ ವಾರದ ಅಳತೆಯನ್ನು ಒಂದು ಕಚ್ಚಾ ಪುಸ್ತಕದಲ್ಲಿ ಗೀಚಿಕೊಳ್ಳುತ್ತಾರೆ, ಅದು ಅವರ ಸ್ವಂತದ್ದು. ಅವನ ಹತ್ತಿರ ಅಂಥವು ಒಂದು ಟ್ರಂಕು ತುಂಬ ಇದ್ದವು. ನೆಲದ ಮೇಲೆ ಹರಡಿಕೊಂಡು ಕೂಡುತ್ತ ಹೋದ. ವರ್ಷ ವರ್ಷಕ್ಕೆ ಏರಿದ ಕೊರತೆ ಒಟ್ಟು ಮೂವತ್ತು ಸಾವಿರ ಲೀಟರು ದಾಟಿತ್ತು. ಮೂರನೆಯ ದಿನ ಕಚ್ಚಾ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಮಾಲಿನ್ಯದ ಕಚೇರಿಗೆ ಹೊತ್ತುಕೊಂಡು ಹೋದ.

ಅಲ್ಲಿನ ಅಧಿಕಾರಿಣಿ ತಲೆ ನೆರೆತ, ನಿದ್ದೆಗೆಟ್ಟ ಕಣ್ಣಿನ ಹೆಂಗಸು. ಪುಸ್ತಕಗಳನ್ನು ಒಂದೊಂದಾಗಿ ತಿರುವಿ ಕನ್ನಡಕ ತೆಗೆದಿಟ್ಟರು.

"ಪ್ರಕಟವಾದ ವರದಿ ತಿದ್ದಬೇಕಂದ್ರೆ ಬಹಿರಂಗ ವಿಚಾರಣೆ ಆಗಬೇಕು. ಬರೆದವರೇ ಬಂದು, ನಾನು ಬರೆದದ್ದು ತಪ್ಪು ಅಂತ ಎಲ್ಲರ ಮುಂದೆ ಹೇಳ್ಬೇಕು. ತಪ್ಪೆಲ್ಲ ನಿಮ್ಮ ತಲೆ ಮೇಲೆ ಹೇರ್ತಾರೆ. ಆಗುತ್ತಾ ನಿಮ್ಮ ಕೈಲಿ?"

"ಆಗ್ಲೇಬೇಕು, ಮೇಡಂ," ಎಂದ.

ವಿಚಾರಣೆ ನಡೆದದ್ದು ಪುರಸಭೆಯ ಹಾಲಿನಲ್ಲಿ. ಹಿಂದಿನ ಬೀದಿಗೆ ಬೀದಿಯೇ ಬಂದಿತ್ತು. ತಂಗಿ ಕೊನೆಯ ಸಾಲಿನ ಬೆಂಚಿನಲ್ಲಿ ಕೂತಿದ್ದಳು. ಕಡ್ಡಿಯಣ್ಣ ಎದ್ದು ನಿಂತು ಹೇಳಿದ. ಸ್ಟೋರಿನ ರೂಢಿ ಹೇಳಿದ, ಅಳತೆ ಹೇಳಿದ, ಟ್ಯಾಂಕಿನ ತೂತು ಹೇಳಿದ. ಒಂದು ಅಂಕಿಯೂ ತಪ್ಪಲಿಲ್ಲ. ಫ್ಯಾಕ್ಟರಿಯ ವಕೀಲ ಎದ್ದ. ನುಣ್ಣಗೆ ಬಾಚಿದ ತಲೆ, ಅದಕ್ಕಿಂತ ನುಣ್ಣನೆಯ ಮಾತು.

"ಹಾಗಾದ್ರೆ ‘ಆರಿದ್ದು’ ಅಂತ ಬರೆದವರು ನೀವೇ?"

"ನಾನೇ."

"ಕಂಪನಿ ನಿಮ್ಮನ್ನು ನಂಬಿ ವರದಿ ಕಳಿಸ್ತು. ತಪ್ಪು ನಿಮ್ಮದು, ಅಲ್ವಾ?"

"ನನ್ನದೇ."

ವಕೀಲ ಮೀಸೆಯಡಿ ನಕ್ಕು ಕೂತ. ಕಂಪನಿ ಅಷ್ಟಕ್ಕೆ ಕೈ ತೊಳೆದುಕೊಂಡಿತು. ಗುಂಡಿ ಮುಚ್ಚಿಸಿದ ಕಾಂಕ್ರೀಟಿನ ಬಗ್ಗೆ ಮ್ಯಾನೇಜರು, ನೆನಪಿಲ್ಲ, ನೋಡಿ ಹೇಳುತ್ತೇನೆ ಎಂದರು.

ಆಮೇಲೆ ಅಧಿಕಾರಿಣಿ ಕೇಳಿದರು. "ಸೋರ್ತಿದೆ ಅಂತ ನಿಮಗೆ ಯಾವಾಗಲಾದ್ರೂ ಅನುಮಾನ ಬಂದಿತ್ತಾ?"

ಕಡ್ಡಿಯಣ್ಣ ಒಂದು ಸಲ ಕೊನೆಯ ಬೆಂಚಿನ ಕಡೆ ನೋಡಿದ. "ಎಲ್ಲಾ ಸ್ಟೋರಲ್ಲೂ ಬರೆಯೋ ಹಂಗೆ ಬರೆದೆ ಮೇಡಂ," ಎಂದ. ಬದುಕಿನಲ್ಲಿ ಮೊದಲ ಬಾರಿಗೆ ಅವನು, ತನ್ನನ್ನು ಕೇಳಿದ ಪ್ರಶ್ನೆ ಬಿಟ್ಟು ಬೇರೆ ಉತ್ತರ ಕೊಟ್ಟಿದ್ದ. ಅಧಿಕಾರಿಣಿ ತಲೆಯಾಡಿಸಿ ಬರೆದುಕೊಂಡರು. ಯಾರಿಗೂ ಏನೂ ಅನ್ನಿಸಲಿಲ್ಲ.

ವರದಿ ತಿದ್ದುಪಡಿಯಾಯಿತು. ಪಂಪಿನ ನೀರು ಪರೀಕ್ಷೆಗೆ ಹೋಯಿತು, ಇರಬಹುದಾದ್ದಕ್ಕಿಂತ ನೂರಾರು ಪಟ್ಟು ಟ್ರೈ ಇದೆ ಎಂದು ಬಂತು. ಪಂಪಿನ ಹಿಡಿಕೆ ಬಿಚ್ಚಿ ಕೆಂಪು ಬಣ್ಣ ಬಳಿದರು. ದಿನಕ್ಕೆರಡು ಸಲ ಟ್ಯಾಂಕರ್ ಬರತೊಡಗಿತು. ಆರೋಗ್ಯ ಇಲಾಖೆಯವರು ಬಂದು ಎಲ್ಲರ ರಕ್ತ ತೆಗೆದರು. ಇದು ಯಕೃತ್ತಿಗೂ ಮೂತ್ರಪಿಂಡಕ್ಕೂ ಹಾನಿ ಮಾಡುವ ವಿಷ, ಆದರೆ ಇಂಥವರ ಸಾವಿಗೆ ಇದೇ ಕಾರಣ ಎಂದು ನಾವು ಬರೆದುಕೊಡಲಾಗುವುದಿಲ್ಲ ಎಂದರು. ಬೀದಿಯಲ್ಲಿ ಆ ಒಂದೆರಡು ವಾರ ಪ್ರತಿ ಮನೆಯವರೂ ತಮ್ಮ ತಮ್ಮ ಸತ್ತವರನ್ನು ಮತ್ತೆ ಎಣಿಸಿದರು.

ವಿಚಿತ್ರವೆಂದರೆ ಕಡ್ಡಿಯಣ್ಣನನ್ನು ಯಾರೂ ಬೈಯಲಿಲ್ಲ. ತಿಳಿಯದೆ ಬರೆದ, ತಿಳಿದ ಕೂಡಲೇ ಬಂದು ಒಪ್ಪಿಕೊಂಡ, ಇನ್ಯಾರು ಮಾಡುತ್ತಾರೆ ಎಂದರು. ಕ್ಷೌರಿಕ ಅಂಗಡಿಯಿಂದ ಕತ್ತರಿ ಹಿಡಿದೇ ಓಡಿಬಂದು ಅವನನ್ನು ತಬ್ಬಿಕೊಂಡ. "ನೀನಿಲ್ಲದಿದ್ರೆ ಇನ್ನೂ ಹತ್ತು ವರ್ಷ ಅದನ್ನೇ ಕುಡೀತಿದ್ವಿ," ಎಂದ. ಕಡ್ಡಿಯಣ್ಣನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಆ ಭಾನುವಾರ ಊಟಕ್ಕೆ ಹೋದ. ತಂಗಿ ಬಡಿಸಿದಳು. ಅವಳು ಎದುರಿಗೆ ಕೂತು, ಅವನು ಉಣ್ಣುವುದನ್ನೇ ನೋಡುತ್ತಿದ್ದಳು. ಗಂಡನ ಹೊಲಿಗೆ ಯಂತ್ರ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ಕೂತಿತ್ತು. ಆಮೇಲೆ ಕೇಳಿದಳು.

"ಅಣ್ಣ, ಅವತ್ತು ಆಯಮ್ಮ ಕೊನೇಲಿ ಒಂದು ಮಾತು ಕೇಳಿದ್ರು. ನೀನು ಅದಕ್ಕೆ ಉತ್ತರ ಹೇಳ್ಲಿಲ್ಲ."

"ಹೇಳಿದೆನಲ್ಲ."

"ಬೇರೇನೋ ಹೇಳಿದೆ. ಊರಿಗೆ ಗೊತ್ತಾಗದೇ ಇರಬಹುದು. ನಿನ್ನ ಕೈಲಿ ಬೆಳೆದೋಳು ನಾನು, ನಂಗೆ ಗೊತ್ತಾಗಲ್ವಾ?" ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇಲ್ಲ ಎನ್ನಲಿ ಎಂಬ ಆಸೆ ಇತ್ತು. "ಅನುಮಾನ ಬಂದಿತ್ತಾ ಅಣ್ಣ? ಇಲ್ಲ ಅಂದ್ರೆ ಇಲ್ಲ ಅನ್ನು. ನಾನು ನಂಬ್ತೀನಿ."

ಅವಳು ನಂಬುತ್ತಾಳೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡಕ್ಷರ ಸಾಕಿತ್ತು. ಅವಳು ನೆಮ್ಮದಿಯಿಂದ ಇರುತ್ತಿದ್ದಳು, ಅವನ ಭಾನುವಾರಗಳು ಅವನಿಗೆ ಉಳಿಯುತ್ತಿದ್ದವು. ಇವಳಿಗೂ ತಪ್ಪು ಬರೆದುಕೊಟ್ಟರೆ ತಾನು ಮನುಷ್ಯನೇ ಅಲ್ಲ ಎನ್ನಿಸಿತು.

"ಒಂದು ಸಲ ಬಂದಿತ್ತು," ಎಂದ.

"ಯಾವಾಗ?"

"ಪಂಪಿನ ಹತ್ರ ಓದಿದೆನಲ್ಲ, ಅದರ ಮುಂದಿನ ವರ್ಷ. ಜೋರು ಚಳಿ ಬಿದ್ದಿತ್ತಲ್ಲ, ಆ ತಿಂಗಳು."

ತಂಗಿ ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಆ ಚಳಿಗಾಲವನ್ನು ಹುಡುಕುತ್ತಿದ್ದಳು.

"ಆ ಚಳೀಲೇ ಅಲ್ವಾ ನಿನಗೆ ಆ ದಪ್ಪ ಬಟ್ಟೆ ಕೋಟು ಹೊಲಿದುಕೊಟ್ಟಿದ್ದು ಅವರು?"

"ಹೂಂ."

"ಒಂದೇ ದಿನದಲ್ಲಿ ಹೊಲಿದ್ರು. ಭಾವ ಚಳಿಗೆ ನಡುಗ್ತಾರೆ ಅಂತ ಊಟಕ್ಕೂ ಏಳ್ಲಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಆಗ ಚೆನ್ನಾಗಿದ್ರು ಅಣ್ಣ. ಅವರಿಗೆ ಏನೂ ಆಗಿರ್ಲಿಲ್ಲ."

ಅವನು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ಕ್ಷಮಿಸು ಎನ್ನಬೇಕು ಎಂದುಕೊಂಡ, ಅದು ಎಷ್ಟು ಸಣ್ಣ ಮಾತು ಎಂದು ಹೊಳೆಯಿತು. ಹೊರಗೆ ಟ್ಯಾಂಕರಿನ ಹಾರನ್ ಕೇಳಿಸಿತು. ತಂಗಿ ಎದ್ದು ಎರಡು ಖಾಲಿ ಕೊಡ ತೆಗೆದುಕೊಂಡಳು. ಅವನೂ ಅವಸರದಲ್ಲಿ ಕೈ ತೊಳೆದು, ಒಂದು ಕೊಡಕ್ಕೆ ಕೈ ಚಾಚಿದ.

"ಬೇಡ ಬಿಡು," ಎಂದಳು. "ನಾನೇ ತರ್ತೀನಿ."

ಅವನು ಬಾಗಿಲವರೆಗೆ ಬಂದು ನಿಂತ. ಟ್ಯಾಂಕರಿನ ಹತ್ತಿರ ಸಾಲಿನಲ್ಲಿದ್ದವರು ಅವನನ್ನು ಕಂಡು, "ಬಾ ಕಡ್ಡಿಯಣ್ಣ, ಬಾ, ನಿನಗ್ಯಾಕೆ ಸಾಲು," ಎಂದು ಜಾಗ ಬಿಟ್ಟು ಕರೆದರು. ತಂಗಿ ಹಿಂದಿರುಗಿ ನೋಡದೆ ಸಾಲಿನ ಕೊನೆಗೆ ಹೋಗಿ ನಿಂತಳು.